ಜವಳಿ ಅಂಗಡಿಗೆ ಐಕಾನ್ ಬರೆದದ್ದು

ಕಂಪ್ಯೂಟರಿನ ಐಕಾನ್ ಬರೆಯುವುದು ನನ್ನ ಹೊಟ್ಟೆಪಾಡು. ಮೂಲೆ ಎಷ್ಟು ದುಂಡಗಿರಬೇಕು, ನೆರಳು ಯಾವ ಕಡೆ ಬೀಳಬೇಕು ಎಂದು ಒಂದೊಂದು ದೊಡ್ಡ ಕಂಪನಿಯೂ ತನ್ನದೇ ನಿಯಮಾವಳಿ ಮಾಡಿಟ್ಟಿದೆ. ಅವನ್ನೆಲ್ಲ ಅರೆದು ಕುಡಿದಿದ್ದೇನೆಂಬ ಜಂಬ ನನಗಿತ್ತು. ಆದರೆ ದಾವಣಗೆರೆಯಲ್ಲಿ ಕೂತು ಈ ಕಸುಬು ಮಾಡುವವರಿಗೆ ಜಂಬ ಇಳಿಸುವ ಪ್ರಸಂಗಗಳಿಗೇನೂ ಕೊರತೆಯಿಲ್ಲ. ನನ್ನದನ್ನು ಇಳಿಸಲು ಕೆ.ಬಿ. ಬಡಾವಣೆಯ ಒಂದೇ ಒಂದು ಜವಳಿ ಅಂಗಡಿ ಸಾಕಾಯಿತು.

ಅಲ್ಲಿ ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್ ಬರುವುದಿತ್ತು. ವಯಸ್ಸಾದ ಯಜಮಾನರು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಗಾದಿಯ ಮೇಲೆ ಕೂರುತ್ತಿದ್ದರು. ಅವರ ಮಗನದು ಒಂದೇ ಷರತ್ತು. "ಅಪ್ಪಾಜಿ ಇದನ್ನ ಕಲಿತ್ರೆ ಗಾದಿ ಮೇಲೆ ಕೂಡ್ಲಿ. ಇಲ್ಲಾಂದ್ರೆ ಮನೇಲಿ ಆರಾಮಿರ್ಲಿ." ಮನೆಯಲ್ಲಿ ಆರಾಮಾಗಿರುವುದೆಂದರೆ ಯಜಮಾನರಿಗೆ ಜೈಲು. ಅವರೇ ಗೆಲ್ಲಲಿ ಎಂದು ನನಗೂ ಒಳಗೊಳಗೇ ಆಸೆಯಿತ್ತು.

ತಿಜೋರಿ

ಬಿಲ್ ಉಳಿಸುವ ಗುಂಡಿಗೆ ರೂಢಿಯಂತೆ ಫ್ಲಾಪಿಯ ಚಿತ್ರ ಹಾಕಿದ್ದೆ.

"ಏನ್ ತಂಗಿ ಇದು?" ಎಂದರು ಯಜಮಾನರು.

"ಫ್ಲಾಪಿ. ಮೊದಲು ಇದರಾಗೇ ಎಲ್ಲಾ ಉಳಿಸ್ತಿದ್ರು."

"ಎಲ್ಲಿ ಸಿಗ್ತೈತೆ?"

"ಎಲ್ಲೂ ಸಿಗಲ್ಲ. ನಿಂತು ಭಾಳ ವರ್ಷ ಆತು."

"ನಿಂತ ಮಾಲು ಮುಂದಿಟ್ಕಂಡು ವ್ಯಾಪಾರ ಮಾಡ್ತೀರಿ. ನಿಮ್ಮ ಧೈರ್ಯ ದೊಡ್ಡದು."

ಮಾತು ನಾಟಿತು. ಫ್ಲಾಪಿ ಅಳಿಸಿ, ಅಂಗಡಿಯವರಿಗೆ ಗೊತ್ತಿರುವ ತಿಜೋರಿಯನ್ನೇ ಚೆಂದವಾಗಿ ಬರೆದುಕೊಟ್ಟೆ. ಮರುದಿನ ಸಂಜೆ ನೋಡಿದರೆ ಇಡೀ ದಿನದ ಒಂದು ಬಿಲ್ಲೂ ಉಳಿದಿಲ್ಲ. ಅವತ್ತು ಬಿಲ್ ಹಾಕಿದ್ದ, ಸೀರೆ ತೋರಿಸುವವನನ್ನು ಕೇಳಿದೆ.

"ತಿಜೋರಿ ನಾವ್ ಮುಟ್ಟಂಗಿಲ್ಲ ಮೇಡಂ. ಯಜಮಾನ್ರು ಒಬ್ರೇ ಮುಟ್ಟೋದು" ಎಂದ.

ಮಗ ತಲೆ ಚಚ್ಚಿಕೊಂಡ. ಯಜಮಾನರ ಮುಖ ಮಾತ್ರ ಅರಳಿತ್ತು. "ನಮ್ಮ ಅಂಗಡಿ ಮಂದಿ ಭಾಳ ಒಳ್ಳೇರು."

ಹರಿಹರದ ಬಾಗಿಲು

ಇವರದೇ ಇನ್ನೊಂದು ಅಂಗಡಿ ಹರಿಹರದಲ್ಲಿದೆ. ಅಲ್ಲಿನ ಕಂಪ್ಯೂಟರ್ ಬೇರೆ ಕಂಪನಿಯದು. ಪರದೆಯ ಮೇಲಿನ ಕಿಟಕಿ ಮುಚ್ಚುವ ಗುರುತು ದಾವಣಗೆರೆಯಲ್ಲಿ ಬಲಕ್ಕಿದ್ದರೆ ಹರಿಹರದಲ್ಲಿ ಎಡಕ್ಕೆ. ಯಜಮಾನರು ಒಂದು ಮಂಗಳವಾರ ಅಲ್ಲಿ ಕೂತು, ಬಲಮೂಲೆಯಲ್ಲಿ ಮೌಸ್ ಅಲೆಸಿ ಅಲೆಸಿ ಸುಸ್ತಾಗಿ ನನ್ನನ್ನು ಕರೆಸಿದರು. ನಾನು ಎಡಕ್ಕೆ ತೋರಿಸಿದೆ.

"ನೋಡಿದ್ರಾ ಮೇಡಂ? ಅಪ್ಪಾಜಿಗೆ ಇದು ಆಗೋ ಮಾತಲ್ಲ" ಎಂದ ಮಗ.

ಒಬ್ಬೊಬ್ಬರ ನಿಯಮ ಒಂದೊಂದು ಥರ, ಇದರಲ್ಲಿ ಯಜಮಾನರ ತಪ್ಪೇನೂ ಇಲ್ಲ ಎಂದು ನಾನು ವಕಾಲತ್ತು ಶುರು ಮಾಡಿದೆ. ಅವರೇ ತಡೆದರು.

"ಇರ್ಲಿ ಬಿಡ್ರಿ. ಈ ಊರಾಗ ದೇವರೇ ಅರ್ಧ ಹರಿ, ಅರ್ಧ ಹರ. ಕಂಪ್ಯೂಟರ್ ಮೇಲೆ ಯಾಕ ಸಿಟ್ಟು?"

ಆಮೇಲೆ ಅವರು ಎಡ ಬಲ ತಪ್ಪಲಿಲ್ಲ. ನಾನೇ ಈಗಲೂ ತಪ್ಪುತ್ತೇನೆ.

ಮೂರು ಗೆರೆ

ಎಲ್ಲ ಕಂಪನಿಗಳಿಗೂ ಹೆಚ್ಚುಕಡಿಮೆ ಒಪ್ಪಿಗೆಯಾದ ಗುರುತೊಂದಿದೆ. ಮೇಲಿನ ಮೂಲೆಯಲ್ಲಿ ಅಡ್ಡಲಾಗಿ ಮೂರು ಗೆರೆ. ಮುಟ್ಟಿದರೆ ಉಳಿದ ಕೆಲಸಗಳೆಲ್ಲ ಬಿಚ್ಚಿಕೊಳ್ಳುತ್ತವೆ. ಮಾರಿದ ಸೀರೆ ವಾಪಸ್ ಪಡೆಯುವುದನ್ನು ನಾನು ಅದರೊಳಗೆ ಇಟ್ಟಿದ್ದೆ.

ಯಜಮಾನರು ಕಲಿತರೋ ಇಲ್ಲವೋ ಎಂದು ನೋಡುವ ಪರೀಕ್ಷೆಯ ದಿನ ಮಗ ಕೈಕಟ್ಟಿ ನಿಂತ. ದಾವಣಗೆರೆ ಅಂಗಡಿಯದು ಬೆರಳಿನಲ್ಲಿ ಮುಟ್ಟುವ ಪರದೆ. ಯಜಮಾನರು ಸಲೀಸಾಗಿ ಬಿಲ್ ಹಾಕುತ್ತ ಹೋದರು. ಅಷ್ಟರಲ್ಲಿ ಶಾಮನೂರಿನ ಹೆಂಗಸೊಬ್ಬರು ರೇಷ್ಮೆ ಸೀರೆ ವಾಪಸ್ ತಂದರು. "ಬಣ್ಣ ಹಿಡಿಸ್ಲಿಲ್ರಿ. ಮಡಿಕೆ ಬಿಚ್ಚಿಲ್ಲ." ಸೆರಗಿನ ಮೇಲೆ ಮದುವೆ ಊಟದ ಸಾರು ಎದ್ದು ಕಾಣುತ್ತಿತ್ತು. ಅಂಗಡಿಗೆ ಇದು ದಿನನಿತ್ಯದ ತಲೆನೋವು. ಇಂಥ ಜಗಳದಲ್ಲಿ ಮಗ ಒಂದು ದಿನವೂ ಗೆದ್ದವನಲ್ಲ.

ಯಜಮಾನರ ಬೆರಳು ಮೂರು ಗೆರೆಯ ಹತ್ತಿರ ಹೋಗಿ ನಿಂತುಬಿಟ್ಟಿತು.

"ಮುಗೀತು. ಮನೆಗೆ ನಡೀರಿ ಅಪ್ಪಾಜಿ" ಎಂದ ಮಗ. ನಾನು ಪರದೆಯ ಕಡೆ ಬಗ್ಗಿದೆ.

"ಒತ್ರಿ ಯಜಮಾನ್ರೇ, ಏನೂ ಆಗಲ್ಲ."

"ಹೆಂಗೆ ಒತ್ಲಿ ತಂಗಿ? ಎಲೆ ಅಡಿಕೆ ಹಾಕ್ಕಂಡ ಕೈ. ವಿಭೂತಿ ಅಲ್ಲೇನು ಅದು?"

ಎಲ್ಲರೂ ಪರದೆ ನೋಡಿದೆವು. ಬೂದು ಬಣ್ಣದ ಮೂರು ಗೆರೆ. ಬರೆದವಳು ನಾನೇ, ಆದರೂ ಅವತ್ತಿನಿಂದ ನನಗೂ ಅದು ಬೇರೆ ಥರ ಕಾಣುತ್ತಿಲ್ಲ. ಏನೋ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಪರದೆಯನ್ನು ಆ ಹೆಂಗಸಿನ ಕಡೆ ತಿರುಗಿಸಿದರು.

"ನೀವು ಸ್ನಾನ ಪೂಜೆ ಮುಗಿಸಿ ಬಂದೀರಿ. ಸೀರೆ ಉಟ್ಟಿಲ್ಲ ಅಂತ ಹೇಳಿ ಇದನ್ನ ಮುಟ್ರಿ ತಾಯಿ. ವಾಪಸ್ ಆಗ್ತೈತೆ."

ಆಕೆಯ ಹಣೆಯ ಮೇಲೂ ಅದೇ ಮೂರು ಗೆರೆ. ಪರದೆ ನೋಡಿದರು, ಸೆರಗು ನೋಡಿದರು. ಎತ್ತಿದ ಕೈ ಮೆಲ್ಲಗೆ ಕೆಳಗಿಳಿಯಿತು.

"ಇರ್ಲಿ ಬಿಡ್ರಿ. ಬೆಳಕಿನಾಗ ನೋಡಿದ್ರೆ ಬಣ್ಣ ಅಷ್ಟೇನೂ ಕೆಟ್ಟಿಲ್ಲ." ಸೀರೆಯನ್ನು ಚೀಲಕ್ಕೆ ಹಾಕಿಕೊಂಡು ನಡೆದೇಬಿಟ್ಟರು.

ಮಗ ಗಾದಿಯ ದಿಂಬು ಸರಿಮಾಡಿ, "ಕೂಡ್ರಿ ಅಪ್ಪಾಜಿ" ಎಂದ. ನನಗೆ ಕುಣಿಯುವಷ್ಟು ಖುಷಿಯಾಯಿತು. ಆದರೂ ಕಸುಬಿನ ಧರ್ಮ ಬಿಡಲಾದೀತೇ? ಕಂಪನಿಯ ಹೊಸ ನಿಯಮದಂತೆ ಮೂರು ಗೆರೆ ತೆಗೆದು ಮೂರು ಚುಕ್ಕಿ ಇಡಬೇಕಾಗಿದೆ ಎಂದು ಹೇಳಿ ಹೊರಟೆ.

ಮಗ ಚಪ್ಪಲಿಯನ್ನೂ ಮೆಟ್ಟದೆ ರಸ್ತೆಯವರೆಗೆ ಓಡಿಬಂದ.

"ಮೇಡಂ, ಅದೊಂದು ಬ್ಯಾಡ್ರಿ. ಆದ್ರೆ ಆ ಗೆರೆ ಇನ್ನೊಂಚೂರು ದಪ್ಪ ಮಾಡಿಕೊಡ್ರಿ. ಬಣ್ಣಾನೂ ಬಿಳೇದಿರ್ಲಿ."