ಎಂಟು ಕೊಂಬಿನ ರೂಟರ್

"ಶನಿವಾರ ಸಂಜೆಯೊಳಗೆ ಈ ಮನೆಯಲ್ಲಿ ನೆಟ್‌ವರ್ಕ್ ಸಿಗದ ಒಂದೇ ಒಂದು ಅಂಗುಲ ಜಾಗ ಉಳಿದ್ರೆ ನನ್ನ ಹೆಸರು ಸ್ತೂರೆ ಅಲ್ಲ!"

ಹೀಗೆಂದು ಘೋಷಿಸುವಾಗ ಸ್ತೂರೆಯ ಬಾಯಲ್ಲಿ ಅರ್ಧ ಬ್ರೆಡ್ಡಿತ್ತು. ಆದರೂ ಘೋಷಣೆಯ ಗಾಂಭೀರ್ಯ ಕೆಡಲಿಲ್ಲ. ಮೂವತ್ತು ವರ್ಷ ಹಡಗುಗಳಲ್ಲಿ ರೇಡಿಯೋ ಆಫೀಸರ್ ಆಗಿದ್ದವನು ಅವನು. ಬಿರುಗಾಳಿಯ ನಡುವೆ ಕುಳಿತು ಬಾಲ್ಟಿಕ್ ಸಮುದ್ರದ ಆಚೆ ದಡದವರನ್ನು ಮಾತಾಡಿಸಿದ ಮಹಾನುಭಾವನಿಗೆ ಯೇವ್ಲೆ ಪಟ್ಟಣದ ಮೂರು ಕೋಣೆಯ ಫ್ಲ್ಯಾಟು ಯಾವ ಲೆಕ್ಕ!

"ಹೆಸರು ಬದಲಾಯಿಸೋಕೆ ಅರ್ಜಿ ಎಲ್ಲಿ ಕೊಡ್ಬೇಕು ಅಂತ ನಾನು ವಿಚಾರಿಸಿ ಇಟ್ಟಿರ್ತೀನಿ," ಎಂದಳು ಹೆಂಡತಿ ಮಾಯ್ಕೆನ್.

ಅವಳ ಕಷ್ಟ ಅವಳಿಗೆ. ಬುಧವಾರ ಬುಧವಾರ ಉತ್ತರದ ಲುಲಿಯೊದಲ್ಲಿರುವ ಅಕ್ಕನ ಜೊತೆ ವಿಡಿಯೋದಲ್ಲಿ ಹರಟುವುದೇ ಅವಳ ಹಬ್ಬ. ಹಳೆಯ ರೂಟರಿನ ಕೃಪೆಯಿಂದ ಅಕ್ಕ ಬಾಯಿ ತೆರೆದವಳು ತೆರೆದಂತೆಯೇ ಹತ್ತು ನಿಮಿಷ ನಿಂತುಬಿಡುತ್ತಿದ್ದಳು.

ಹೊಸ ರೂಟರ್ ಕೊಳ್ಳಲು ಹೋದ ಅಂಗಡಿಯ ಹೆಂಗಸು ಒಳ್ಳೆಯವಳು. ಮನೆ ಎಷ್ಟು ದೊಡ್ಡದು, ಗೋಡೆ ಎಂಥದು, ಎಷ್ಟು ಜನ ಎಂದೆಲ್ಲ ಕೇಳಿ, "ನಿಮಗೆ ಈ ಚಿಕ್ಕದು ಧಾರಾಳ ಸಾಕು. ಜೊತೆಗೆ ಇನ್ನೊಂದು ಪುಟ್ಟ ಪೆಟ್ಟಿಗೆ ಮಲಗೋ ಕೋಣೆ ಕಡೆ ಇಟ್ರೆ ಕಾಂಕ್ರೀಟ್ ಗೋಡೆ ಏನೂ ಮಾಡಲ್ಲ," ಎಂದಳು.

"ಅದೇನು?" ಎಂದು ಸ್ತೂರೆ ಮೇಲಿನ ಹಲಗೆ ತೋರಿಸಿದ. ಅಲ್ಲಿ ಎಂಟು ಕೊಂಬುಗಳ ಒಂದು ಕರಿಯ ಪ್ರಾಣಿ ಕುಳಿತಿತ್ತು.

"ಅದು ಹೋಟೆಲ್‌ಗಳಿಗೆ."

"ಅದೇ ಕೊಡಿ!"

ಮನೆಗೆ ಬಂದ ಮೇಲೆ ಶುರುವಾಯಿತು ಮೆರವಣಿಗೆ. ಮೊದಲು ರೂಟರ್ ಚಪ್ಪಲಿ ಕಪಾಟಿನ ಮೇಲೇರಿತು, ಆಮೇಲೆ ಫ್ರಿಜ್ಜಿನ ಮೇಲೆ, ಆಮೇಲೆ ಬಚ್ಚಲಿನ ಕನ್ನಡಿಯ ಮುಂದೆ. ಸ್ತೂರೆ ಅದನ್ನು ದೇವರಂತೆ ಎತ್ತಿಕೊಂಡು ತಿರುಗಿದರೆ, ಮಾಯ್ಕೆನ್ ಫೋನ್ ಹಿಡಿದು ಮನೆಯ ಮೂಲೆ ಮೂಲೆಗಳಿಂದ ವರದಿ ಒಪ್ಪಿಸುತ್ತಿದ್ದಳು.

"ಎರಡು ಗೆರೆ! ಒಂದು! ಅಯ್ಯೋ, ಸತ್ತೋಯ್ತು!"

"ಈಗ?"

"ಈಗ ಸತ್ತು ಎರಡು ನಿಮಿಷ ಆಯ್ತು!"

ಕೊನೆಗೆ ಎಲ್ಲ ಕೋಣೆಗಳಿಗೂ ನೆಟ್‌ವರ್ಕ್ ಸಿಗುವ ಜಾಗ ಒಂದೇ ಎಂದು ಗೊತ್ತಾಯಿತು: ಮಲಗುವ ಕೋಣೆಯ ಪುಸ್ತಕದ ಕಪಾಟು. ಅದರ ಹಿಂದಿನ ಗೋಡೆಯ ಆಚೆ ಏವಾಲ್ಡನ ಮನೆ. ಸ್ತೂರೆಯ ಮುಖ ಹುಳಿಯಾಯಿತು.

ಏವಾಲ್ಡ್ ಎಂದರೆ ಇಪ್ಪತ್ತು ಚಳಿಗಾಲ ಸ್ತೂರೆಯ ಜೊತೆ ಹೆಪ್ಪುಗಟ್ಟಿದ ಸರೋವರದ ಮೇಲೆ ಕುಳಿತು, ಬೈರಿಗೆಯಿಂದ ಮಂಜುಗಡ್ಡೆ ಕೊರೆದು ಮೀನು ಹಿಡಿದ ಗೆಳೆಯ. ಅದೆಲ್ಲ ಆರು ವರ್ಷದ ಹಿಂದಿನ ಮಾತು. ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಬಟ್ಟೆ ಒಗೆಯುವ ಕೋಣೆ ಒಂದೇ. ಬಾಗಿಲ ಬಳಿ ದಿನ, ಗಂಟೆ ಬರೆದ ಹಲಗೆಯ ಮೇಲೆ ತಮ್ಮ ಪುಟ್ಟ ಬೀಗ ಸಿಕ್ಕಿಸಿ ಹೊತ್ತು ಗುರುತು ಮಾಡಿಕೊಳ್ಳಬೇಕು. ಒಂದು ಮಂಗಳವಾರ ಏವಾಲ್ಡನ ಬಟ್ಟೆ ಹೊತ್ತು ಮೀರಿ ಹನ್ನೆರಡು ನಿಮಿಷ ಯಂತ್ರದಲ್ಲೇ ಇತ್ತು. ಸ್ತೂರೆ ಅದನ್ನು ತೆಗೆದು ನೆಲಕ್ಕೆ ಹಾಕಿದ. ಏವಾಲ್ಡ್ ಗೋಡೆಗೆ ಚೀಟಿ ಅಂಟಿಸಿದ. ಸ್ತೂರೆ ಚೀಟಿಗೆ ಚೀಟಿ ಅಂಟಿಸಿದ. ಮುಗಿಯಿತು! ಅಂದಿನಿಂದ ಇಬ್ಬರೂ ಬಾಗಿಲ ಕಿಂಡಿಯಲ್ಲಿ ಇಣುಕಿ, ಪಕ್ಕದ ಮನೆಯವನು ಮೆಟ್ಟಿಲಲ್ಲಿ ಇಲ್ಲ ಎಂದು ಖಚಿತವಾದ ಮೇಲಷ್ಟೇ ಹೊರಗೆ ಕಾಲಿಡುತ್ತಿದ್ದರು. ಮಾಯ್ಕೆನ್ ಮತ್ತು ಏವಾಲ್ಡನ ಹೆಂಡತಿ ಎಲ್ಸಿಯ ನಡುವೆ ತಲೆಯಾಡಿಸುವಷ್ಟು ಬಳಕೆ ಮಾತ್ರ ಉಳಿದಿತ್ತು.

ಹೊಸ ರೂಟರ್ ತನಗೊಂದು ಹೆಸರಿಡು ಎಂದು ಕೇಳಿತು. ಸುತ್ತಲಿನ ನೆಟ್‌ವರ್ಕ್‌ಗಳ ಪಟ್ಟಿಯಲ್ಲಿ "ಏವಾಲ್ಡ್ ಮತ್ತು ಎಲ್ಸಿ" ಎಂದು ಕಂಡಿತು. ಸ್ತೂರೆಯ ಕಣ್ಣು ಹೊಳೆಯಿತು. ಅವನು ಟೈಪ್ ಮಾಡಿದ: "ಹನ್ನೆರಡು ನಿಮಿಷ ಮರೆತಿಲ್ಲ."

"ಹುಚ್ಚು ಹಿಡಿದಿದೆಯಾ ನಿಂಗೆ? ಇಡೀ ಕಟ್ಟಡಕ್ಕೆ ಕಾಣುತ್ತೆ!"

"ಕಾಣ್ಲಿ! ಚೀಟಿ ಆದ್ರೆ ಕಿತ್ತು ಹಾಕ್ತಾನೆ. ಇದನ್ನ ಹೇಗೆ ಕೀಳ್ತಾನೆ ನೋಡೋಣ!"

ಮರುದಿನ ಸಂಜೆ ಆರಕ್ಕೆ ಪಟ್ಟಿಯಲ್ಲಿ "ಏವಾಲ್ಡ್ ಮತ್ತು ಎಲ್ಸಿ" ಮಾಯ. ಅದರ ಜಾಗದಲ್ಲಿ: "ಒದ್ದೆ ಅಂಗಿ ನಾನೂ ಮರೆತಿಲ್ಲ."

ಯುದ್ಧ ಶುರು! "ಮಂಗಳವಾರ ನನ್ನದು" ಎಂದು ಇವನು. "ಗಡಿಯಾರ ನುಂಗಿದವನೇ" ಎಂದು ಅವನು. ಇವನು ಬೆಳಗ್ಗೆ ಬಾಣ ಬಿಟ್ಟರೆ ಉತ್ತರ ತಪ್ಪದೆ ಸಂಜೆ ಆರಕ್ಕೆ. ಮೂರನೇ ಮಹಡಿಯವರು ಲಿಫ್ಟಿನಲ್ಲಿ ಕಿಸಕ್ಕೆಂದು ನಗತೊಡಗಿದರು. ಕಟ್ಟಡದ ಸಂಘದ ಅಧ್ಯಕ್ಷರು, ಬೈಗುಳಕ್ಕೆ ನಿಯಮಾವಳಿಯಲ್ಲಿ ಯಾವ ಕಲಮು ಹಾಕಬೇಕೆಂದು ಹುಡುಕತೊಡಗಿದರು.

ಆದರೆ ರೂಟರಿನ ಹೆಸರು ಬದಲಾದಾಗಲೆಲ್ಲ ಮನೆಯ ಸಕಲ ಯಂತ್ರಗಳೂ ಯಜಮಾನನ ಗುರುತು ಮರೆತುಬಿಡುತ್ತಿದ್ದವು. ಟಿ.ವಿ. ಕಪ್ಪಾಯಿತು. ಪ್ರಿಂಟರ್ ಮುನಿಸಿಕೊಂಡಿತು. ತಾನಾಗಿ ಕಸ ಗುಡಿಸುವ ಯಂತ್ರ ಮಂಚದ ಕೆಳಗೆ ಹೊಕ್ಕಿದ್ದು ಎರಡು ದಿನ ಹೊರಗೆ ಬರಲಿಲ್ಲ. ಬುಧವಾರ ಅಕ್ಕ "ನಿನ್ನೆ ನನಗೆ ಡಾಕ್ಟರು..." ಎಂದವಳು ಅಲ್ಲೇ ಮಾಯವಾದಳು, ಡಾಕ್ಟರು ಏನೆಂದರೆಂದು ತಿಳಿಯಲು ಮಾಯ್ಕೆನ್ ಅರ್ಧ ದಿನ ಒದ್ದಾಡಿದಳು.

"ಆ ಮನುಷ್ಯ ಇರೋದು ಒಂದು ಗೋಡೆ ಆಚೆ," ಎಂದು ಸಿಡುಕಿದಳು. "ಹೋಗಿ ಬಾಗಿಲು ತಟ್ಟಿ ಎದುರೇ ಬೈದು ಬಾ. ನನ್ನ ಟಿ.ವಿ.ನಾದ್ರೂ ಉಳಿಯುತ್ತೆ."

"ಅವನೇ ಮೊದಲು ತಟ್ಲಿ!"

"ಎಲ್ಸಿನೂ ಈಚೆಗೆ ಹಗಲು ಹೊತ್ತಲ್ಲಿ ಕಾಣ್ತಿಲ್ಲ. ಏನಾದ್ರೂ ತೊಂದ್ರೆನೋ ಏನೋ."

"ತೊಂದ್ರೆ ಏನು ಬಂತು! ಅಷ್ಟು ಚೆನ್ನಾಗಿ ಬೈತಾ ಇದಾನೆ ಅಂದ್ರೆ ಗಟ್ಟಿಮುಟ್ಟಾಗಿದಾನೆ ಅಂತ ಅರ್ಥ."

ಒಂದು ಸಂಜೆ ಪಟ್ಟಿಯಲ್ಲಿ ಬೇರೆ ರಾಗ ಬಂತು: "ನಿನ್ನ ಬೈರಿಗೆ ನನ್ನ ಹತ್ರ ಇದೆ." ಸ್ತೂರೆ ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತ. "ಮೊಂಡಾಗಿರಬೇಕು" ಎಂದು ಬರೆದ. "ನಿನ್ನಷ್ಟಲ್ಲ" ಎಂದು ಉತ್ತರ ಬಂತು. ಅವನು ಒಬ್ಬನೇ ಗಹಗಹಿಸಿ ನಕ್ಕ, ನಕ್ಕು ಕಣ್ಣೊರೆಸಿಕೊಂಡ. ಈಗೀಗ ಅವನು ಪೇಪರಿಗಿಂತ ಮೊದಲು ಈ ಪಟ್ಟಿ ನೋಡುತ್ತಿದ್ದ, ಸಂಜೆ ಆರು ಹೊಡೆಯುವುದನ್ನೇ ಕಾಯುತ್ತಿದ್ದ. ಗೆಳೆಯ ಬೇಕಾಗಿದ್ದ ಅವನಿಗೆ. ಆರು ವರ್ಷವೂ ಬೇಕಾಗಿದ್ದ. ನೆಟ್‌ವರ್ಕಿನ ಹೆಸರಿನಲ್ಲಿ ಮೂವತ್ತೆರಡು ಅಕ್ಷರಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. "ತಪ್ಪಾಯಿತು" ಎನ್ನಲು ಅಷ್ಟು ಬೇಕಾದಷ್ಟಾಯಿತು, ಆದರೆ ಸ್ತೂರೆಗೆ ಬೆರಳು ಏಳಲಿಲ್ಲ.

ಬುಧವಾರ ಬೆಳಗ್ಗೆ ಅವನು ಉಸಿರು ಬಿಗಿಹಿಡಿದು ಬರೆದ: "ಭಾನುವಾರ ಕಾಫಿಗೆ ಬಾ."

ಆರು ಹೊಡೆಯಿತು. ಪಟ್ಟಿಯಲ್ಲಿ ಹಳೆಯ "ನಿನ್ನಷ್ಟಲ್ಲ" ಹಾಗೆಯೇ ಕುಳಿತಿತ್ತು. ಗುರುವಾರವೂ ಅದೇ, ಶುಕ್ರವಾರವೂ ಅದೇ.

"ಒಂದ್ಸಲ ಹೋಗಿ ತಟ್ಟು, ಸ್ತೂರೆ," ಎಂದಳು ಮಾಯ್ಕೆನ್, ಈ ಸಲ ಮೆಲ್ಲಗೆ.

"ಕರೆದಾಯ್ತಲ್ಲ! ಕರೆದ ಮೇಲೂ ಕಾಲಿಗೆ ಬೀಳ್ಬೇಕಾ?"

ಆದರೂ ಭಾನುವಾರ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿದ. ದಾಲ್ಚಿನ್ನಿ ಬನ್ನು ತಂದ. ಮೇಜಿನ ಮೇಲೆ ನಾಲ್ಕು ಕಪ್ಪು ಜೋಡಿಸಿದ. ಎರಡು ಗಂಟೆಯಾಯಿತು, ಮೂರಾಯಿತು. ಕಿಂಡಿಯಲ್ಲಿ ಇಣುಕಿ ಇಣುಕಿ ಅವನ ಹಣೆಯ ಮೇಲೆ ಬಾಗಿಲಿನ ಗುರುತು ಬಿತ್ತು. ಮೂರೂವರೆಗೆ ಅವನ ತಾಳ್ಮೆಯ ಕಟ್ಟೆ ಒಡೆಯಿತು. ದಡದಡ ಮಲಗುವ ಕೋಣೆಗೆ ಹೋಗಿ, ಮಾಯ್ಕೆನ್ ಕೈ ಹಿಡಿದು ತಡೆಯುವಷ್ಟರಲ್ಲಿ ಹೊಸ ಹೆಸರು ಹಾಕಿಯೇ ಬಿಟ್ಟ: "ಸೊಕ್ಕಿನವನಿಗೆ ಕಾಫಿ ಇಲ್ಲ."

ನಾಲ್ಕಕ್ಕೆ ಕರೆಗಂಟೆ ಮೊಳಗಿತು.

"ಬಂದ ನೋಡು! ಬಿಸಿ ಮುಟ್ಟಿದ ಮೇಲೆ ಬಂದ!" ಎಂದು ಸ್ತೂರೆ ಓಡಿದ. ಆರು ವರ್ಷದಲ್ಲಿ ಮೊದಲ ಬಾರಿಗೆ ಕಿಂಡಿಯಲ್ಲಿ ನೋಡದೆ ಬಾಗಿಲು ತೆರೆದ.

ಹೊರಗೆ ನಿಂತವಳು ಎಲ್ಸಿ. ಒಬ್ಬಳೇ. ಕಪ್ಪು ಕೋಟು ತೊಟ್ಟಿದ್ದಳು.

"ಗುರುವಾರ ಬೆಳಗ್ಗೆ ಹೋದ್ರು," ಎಂದಳು. "ಸೆಪ್ಟೆಂಬರ್‌ನಿಂದ ಆಸ್ಪತ್ರೆಯಲ್ಲೇ ಇದ್ರು. ಯಾರಿಗೂ ಹೇಳಬೇಡ ಅಂದಿದ್ರು, ಅದಕ್ಕೆ ಹೇಳ್ಲಿಲ್ಲ."

ಸ್ತೂರೆ ಬಾಗಿಲ ಹಿಡಿ ಗಟ್ಟಿಯಾಗಿ ಹಿಡಿದುಕೊಂಡ. "ಮತ್ತೆ... ದಿನಾ ಬರೀತಿದ್ದನಲ್ಲ?"

"ನಾನು ಬರೀತಿದ್ದೆ. ಬೆಳಗ್ಗೆ ನೀನು ಹಾಕಿದ್ದನ್ನ ಚೀಟಿಯಲ್ಲಿ ಬರಕೊಂಡು ಹೋಗಿ ಓದಿ ಹೇಳ್ತಿದ್ದೆ. ಅವರು ಮಧ್ಯಾಹ್ನವೆಲ್ಲ ಯೋಚ್ನೆ ಮಾಡಿ ಉತ್ತರ ಹೇಳಿ ಕಳಿಸೋರು. ಸಂಜೆ ಮನೆಗೆ ಬಂದು ಹಾಕ್ತಿದ್ದೆ. ನಿನ್ನ ಯಂತ್ರ ಬಂದಾಗಿನಿಂದ ನಮ್ಮ ಕೋಣೆಯಲ್ಲಿ ನೆಟ್‌ವರ್ಕೇ ನಿಲ್ತಿರ್ಲಿಲ್ಲ ಗೊತ್ತಾ? ದೂರು ಕೊಡ್ತೀನಿ ಅಂದೆ. 'ಕೊಡಬೇಡ ಎಲ್ಸಿ, ಅವನು ಬೈಯೋದು ನಿಲ್ಲಿಸಿಬಿಟ್ರೆ ಏನ್ಮಾಡ್ಲಿ' ಅಂದ್ರು."

ಸ್ತೂರೆ ತಿರುಗಿ ಮೇಜಿನ ಮೇಲಿನ ನಾಲ್ಕು ಕಪ್ಪುಗಳ ಕಡೆ ನೋಡಿದ.

"ಕಾಫಿಗೆ ಬಾ ಅಂದಿದ್ದನ್ನೂ ಓದಿದೆ. ಎರಡು ಸಲ ಓದಿಸ್ಕೊಂಡ್ರು. 'ಬರ್ತೀನಿ ಅಂತ ಹಾಕು, ಭಾನುವಾರಕ್ಕೆ ನೀಲಿ ಅಂಗಿ ತೆಗೆದಿಡು' ಅಂದ್ರು. ಆವತ್ತು ಸಂಜೆ ಡಾಕ್ಟರು ನನ್ನನ್ನ ಮನೆಗೆ ಕಳಿಸ್ಲಿಲ್ಲ. ಹಾಕೋಕೆ ಆಗ್ಲೇ ಇಲ್ಲ."

ಮೆಟ್ಟಿಲ ದೀಪ ತಾನಾಗಿ ಆರಿತು. ಮಾಯ್ಕೆನ್ ಬಂದು ಎಲ್ಸಿಯ ಭುಜ ಹಿಡಿದಳು.

"ಇವತ್ತಿನದನ್ನೂ ಈಗ ನೋಡಿದೆ," ಎಂದಳು ಎಲ್ಸಿ. "ಒಯ್ದು ಓದಿ ಹೇಳೋಕೆ ಯಾರೂ ಇಲ್ವಲ್ಲ, ಅದಕ್ಕೆ ಇಲ್ಲಿಗೇ ಬಂದೆ. ಸೊಕ್ಕಿನವನಿಗೆ ಕಾಫಿ ಇಲ್ಲ, ಸರಿ. ಅವನ ಹೆಂಡತಿಗೆ ಇದೆಯಾ, ಸ್ತೂರೆ?"

ಸ್ತೂರೆ ಅವಳ ಕೋಟು ಇಸಿದುಕೊಂಡ. ಎಷ್ಟು ಸಲ ಗೂಟಕ್ಕೆ ಹಾಕಿದರೂ ಅದು ನಿಲ್ಲಲಿಲ್ಲ. ಕೊನೆಗೆ ಅದನ್ನು ಕೈಯಲ್ಲೇ ಹಿಡಿದುಕೊಂಡು ಬಂದು ಮೇಜಿನ ಮುಂದೆ ಕುಳಿತ. ಮಾಯ್ಕೆನ್ ಎಲ್ಸಿಗೆ ಕಾಫಿ ಬಗ್ಗಿಸಿದಳು, ತನಗೆ ಬಗ್ಗಿಸಿಕೊಂಡಳು, ಆಮೇಲೆ ಗಂಡನ ಕಡೆ ತಿರುಗಿದಳು.

ಸ್ತೂರೆ ತನ್ನ ಕಪ್ಪಿನ ಮೇಲೆ ಅಂಗೈ ಮುಚ್ಚಿದ.

"ನನಗಿಲ್ಲ, ಮಾಯ್ಕೆನ್," ಎಂದ. "ಇಡೀ ಕಟ್ಟಡಕ್ಕೆ ಕಾಣೋ ಹಾಗೆ ಬರೆದು ಹಾಕಿದೀನಲ್ಲ."