ಉಪ್ಪಿನಕಾಯಿ ಬಕೆಟ್ಟಿನ ಬಿಯರು

ನಾನು ಎಲ್ಲಿ ಉಳಿತಾಯ ಮಾಡೋಕೆ ಹೊರಟರೂ ಅಲ್ಲೊಂದು ಎಡವಟ್ಟು ನನಗಿಂತ ಮುಂಚೆ ಬಂದು ಕೂತಿರುತ್ತೆ. ಮಿಲ್ ಕ್ರೀಕ್‌ನ ನಮ್ಮ ಮನೆಯಲ್ಲಿ ಕಡಿಮೆ ಖರ್ಚಲ್ಲಿ ಬಿಯರ್ ಮಾಡೋಕೆ ಹೊರಟಾಗಲೂ ಅಷ್ಟೇ. ಈ ಸಲ ಭಯ ಬೇರೆ. ಮೈಸೂರು ಬಿಟ್ಟು ಈ ದೇಶಕ್ಕೆ ಬರುವಾಗ ಅಮ್ಮನ ತಲೆ ಮುಟ್ಟಿ, "ಕುಡಿಯೋದೆಲ್ಲ ಹತ್ತಿರ ಸೇರಿಸಲ್ಲ" ಅಂತ ಆಣೆ ಮಾಡಿ ಬಂದವನು ನಾನು. ಆ ಅಮ್ಮ ಏಪ್ರಿಲ್‌ನಲ್ಲಿ ಬರೋರಿದ್ದರು.

"ಅತ್ತೆ ಬರೋ ಹೊತ್ತಿಗೆ ಇದೆಲ್ಲ ಮುಗಿದಿರ್ಬೇಕು. ಸಿಕ್ಕಿಬಿದ್ರೆ ನಾನಂತೂ ನಿಮ್ಮ ಪರ ಮಾತಾಡಲ್ಲ" ಅಂದಳು ನನ್ನವಳು.

ಬಕೆಟ್

ಬಿಯರ್ ಸಾಮಾನಿನ ಅಂಗಡಿಯವನು ಫಳಫಳ ಹೊಳೆಯೋ ಸ್ಟೀಲ್ ಡ್ರಮ್ ತೋರಿಸಿದ. ಬೆಲೆ ನೋಡಿ, ಬರೀ ಯೀಸ್ಟು, ಬಾರ್ಲಿ ಪಾಕ, ಇನ್ನೊಂದೆರಡು ಸಾಮಾನು ತಗೊಂಡು ಬಂದೆ. ಮನೆಯಲ್ಲಿ ಮುಚ್ಚಳ ಇರೋ ದೊಡ್ಡ ಪ್ಲಾಸ್ಟಿಕ್ ಬಕೆಟ್ ಇತ್ತಲ್ಲ! ನನ್ನವಳು ವರ್ಷಾವರ್ಷ ಅದರಲ್ಲೇ ಮಾವಿನಕಾಯಿ ಉಪ್ಪಿನಕಾಯಿ ಹಾಕೋದು. ಐದು ಸಲ ಉಜ್ಜಿ ತೊಳೆದು, ಬಿಯರ್ ಹುದುಗೋಕೆ ಅದರಲ್ಲೇ ಇಟ್ಟೆ.

ಕೆಲವು ವಾರ ಆದಮೇಲೆ ಹತ್ತಿರದೂರು ಡುವಾಲ್‌ನಿಂದ ಗೆಳೆಯನನ್ನ ಕರೆಸಿದೆ. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿಕೊಂಡ.

"ಇಂಗು ಸರಿಯಾಗಿದೆ. ಮೊಸರನ್ನ ಇದ್ರೆ ತಗೊಂಡು ಬಾ" ಅಂದ.

ಚಳಿ

ಹೊಸ ಬಕೆಟ್ ತಂದು ಮತ್ತೆ ಶುರು ಮಾಡಿದೆ. ಮಾರ್ಚ್ ಮುಗಿಯೋಕೆ ಬಂದರೂ ಚಳಿ ಬಿಟ್ಟಿರಲಿಲ್ಲ; ಗ್ಯಾರೇಜಿನಲ್ಲಿ ಒಂದೇ ಒಂದು ಗುಳ್ಳೆ ಏಳಲಿಲ್ಲ. ದೋಸೆ ಹಿಟ್ಟು ಉಬ್ಬದಿದ್ದರೆ ಏನು ಮಾಡ್ತೀವೋ ಅದನ್ನೇ ಮಾಡಿದೆ. ಬಕೆಟ್ಟನ್ನ ಒಳಗೆ ತಂದು, ಹೀಟರ್ ಪಕ್ಕ ಕೂರಿಸಿ, ಎರಡು ಶಾಲು ಸುತ್ತಿ, ಮೇಲೊಂದು ಕಂಬಳಿ ಹೊದಿಸಿ, ಗಂಟೆಗೊಂದು ಸಲ ಮುಟ್ಟಿ ಮುಟ್ಟಿ ನೋಡಿದೆ.

"ಡ್ಯಾಡ್, ಇಸ್ ಇಟ್ ಸಿಕ್?" ಅಂದಳು ಮಗಳು.

ನನ್ನವಳು ಸುಮ್ಮನಿರ್ತಾಳಾ? "ನನ್ನ ಬಾಣಂತನದಲ್ಲಿ ಇದರಲ್ಲಿ ಅರ್ಧ ಆರೈಕೆ ಮಾಡಿದ್ರೂ ಸಾಕಿತ್ತು ರೀ!"

ಕಿಡ್ನಿಗೆ ಒಳ್ಳೇದು

ಆರೈಕೆಯೇನೋ ಫಲ ಕೊಟ್ಟಿತು, ಆದರೆ ತಡವಾಗಿ. ಅಮ್ಮ ಬಂದಿಳಿದಾಗ ಬಕೆಟ್ ಇನ್ನೂ ಗುಳುಗುಳು ಅಂತಿತ್ತು.

"ಏನೋ ಅದು, ಬಕೆಟ್ಟಿಗೆ ಶಾಲು ಹೊದಿಸಿದೀಯ?"

ಬಾಯಿಗೆ ಬಂದದ್ದು ಹೇಳಿದೆ. "ಬಾರ್ಲಿ ನೀರಮ್ಮ. ಕಿಡ್ನಿಗೆ ಒಳ್ಳೇದು."

ಹಿಂದೆ ಪಾತ್ರೆ ಒರೆಸುತ್ತಿದ್ದ ನನ್ನವಳಿಗೆ ಜೋರು ಕೆಮ್ಮು ಬಂತು.

"ಯಾವಾಗಿಂದಾನೋ ನಿಂಗೆ ಕಿಡ್ನಿ ತೊಂದ್ರೆ?" ಅಂತಷ್ಟೇ ಕೇಳಿದರು ಅಮ್ಮ. ಬಾಟಲಿಗೆ ತುಂಬಿಸೋ ದಿನ ಪಕ್ಕದಲ್ಲೇ ಕೂತು ಒಂದೊಂದೇ ಬಾಟಲಿ ತೊಳೆದುಕೊಟ್ಟರು ಬೇರೆ. ಛೇ, ಎಂಥ ಪಾಪಿ ನಾನು ಅನ್ನಿಸಿಬಿಡ್ತು.

ಎರಡು ವಾರ ಬಿಟ್ಟು ಅದೇ ಗೆಳೆಯ ಬಂದ. ಮೊದಲ ಬಾಟಲಿ ತೆಗೆದೆ. ಇಂಗಿಲ್ಲ, ಗಿಂಗಿಲ್ಲ, ಅಪ್ಪಟ ಬಿಯರು! ಅಷ್ಟರಲ್ಲಿ ಅಮ್ಮ ಸ್ಟೀಲ್ ಲೋಟ ಹಿಡಿದು ಬಂದರು.

"ನಂಗೂ ಒಂದಿಷ್ಟು ಹಾಕು. ಕಿಡ್ನಿ ನಂಗೂ ಇದೆ."

ಗೆಳೆಯ ಕಿಟಕಿ ಕಡೆ ತಿರುಗಿಬಿಟ್ಟ. "ಅಮ್ಮಾ, ಕಹಿ ಇರುತ್ತೆ, ಬೇಡ" ಅಂದೆ. ಕೇಳಬೇಕಲ್ಲ! ಎರಡೇ ಗುಟುಕು ಹಾಕಿದೆ. ಕುಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡರು. ನಾನು ಮುಟ್ಟಿ ಆಣೆ ಮಾಡಿದ ಆ ತಲೆ ನಿಧಾನಕ್ಕೆ ಅಲ್ಲಾಡಿತು.

"ಪರವಾಗಿಲ್ಲ ಕಣೋ. ನಿಮ್ಮಪ್ಪನೂ ಕಿಡ್ನಿಗೆ ಅಂತಾನೇ ತರ್ತಿದ್ರು. ಅದ್ರಲ್ಲಿ ನೊರೆ ಜಾಸ್ತಿ ಇರ್ತಿತ್ತು."