ದಿ. ಚಂದಮ್ಮ ಅವರಿಗೆ ಕನ್ನಡಕ ವಿತರಣೆ

ಪತ್ರಿಕೆಯಲ್ಲಿ ಬಾರದ ಸೇವೆಯು ಸೇವೆಯೆನಿಸಿಕೊಳ್ಳತಕ್ಕದ್ದಲ್ಲವೆಂದು ಹುಮನಾಬಾದಿನ ನಿಸ್ವಾರ್ಥ ಸೇವಾ ಕ್ಲಬ್ಬಿನ ಪ್ರಚಾರ ನಿಯಮಾವಳಿಯ ಮೊದಲನೆಯ ಕಲಮಿನಲ್ಲಿಯೇ ಹೇಳಿದೆ. ನಿಯಮಾವಳಿ ಬಸವಕಲ್ಯಾಣದ ವಲಯ ಕಚೇರಿಯಿಂದ ಬಂದದ್ದು. ಆದ್ದರಿಂದ ಅದನ್ನು ಪ್ರಶ್ನಿಸುವ ಪದ್ಧತಿ ಇಲ್ಲ.

ಹುಡಗಿ ಗ್ರಾಮದ ಚಂದಮ್ಮನಿಗೆ ಈ ಕಲಮು ಗೊತ್ತಿರಲಿಲ್ಲ. ಕ್ಲಬ್ಬಿನವರ ಶಿಬಿರದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಅವಳಿಗೆ ಎರಡು ತಿಂಗಳಾಗಿತ್ತು. ದೇವರ ದಯೆಯಿಂದ ಬೆಳಕೇನೋ ಬಂದಿತ್ತು; ಬೆಳಕಿನಲ್ಲಿ ಏನಿದೆಯೆಂದು ತಿಳಿಯಲು ಕನ್ನಡಕ ಬೇಕಿತ್ತು. ಕನ್ನಡಕ ತಯಾರಾಗಿ ಕ್ಲಬ್ಬಿನ ಕಪಾಟಿನಲ್ಲಿತ್ತು. ಅಷ್ಟರಲ್ಲಿ ಅವಳ ಎಂಟು ಆಡುಗಳು ಒಡತಿಯ ಕಣ್ಣಿನ ಸಂಗತಿಯನ್ನು ಚೆನ್ನಾಗಿ ಅರಿತುಕೊಂಡು, ಎರಡು ಸಲ ಮಚ್ಚೇಂದ್ರನ ತೊಗರಿ ಹೊಲ ಹೊಕ್ಕು ಬಂದಿದ್ದವು.

“ಇನ್ನೊಮ್ಮಿ ಬಂದ್ವು ಅಂದ್ರ ಸೀದಾ ಕೊಂಡವಾಡಕ್ಕ ಹೊಡದು ಕೂಡಿ ಹಾಕಸ್ತೀನಿ ನೋಡವಾ. ಆಮ್ಯಾಲ ಹೇಳಲಿಲ್ಲ ಅನಬ್ಯಾಡ” ಎಂದು ಮಚ್ಚೇಂದ್ರ ಹೇಳಿಹೋದ.

ಚಂದಮ್ಮ ನೆರೆಮನೆಯ ಸರ್ದಾರಬಿಯ ಕೈ ಹಿಡಿದುಕೊಂಡು ಹುಮನಾಬಾದಿಗೆ ಹೋದಳು. ಕ್ಲಬ್ಬಿನ ಪ್ರಚಾರ ಕಾರ್ಯದರ್ಶಿ ಪಂಡರಿ ಮಾಸ್ತರರು ಅವಳನ್ನು ಕುರ್ಚಿಯ ಮೇಲೆ ಕೂಡಿಸಿ, ಕನ್ನಡಕ ತೊಡಿಸಿ, ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದರು. ಗೋಡೆಯ ಹಲ್ಲಿ, ಮಾಸ್ತರರ ಮೂಗಿನ ಮೇಲಿನ ನರೂಲಿ, ಎಲ್ಲ ಸ್ವಚ್ಛವಾಗಿ ಕಂಡವು. “ಎಪ್ಪಾ, ದೇವರು ನಿನಗ ಛಲೋ ಮಾಡ್ಲಿ” ಎಂದು ಅವಳು ಏಳುವಷ್ಟರಲ್ಲಿ ಮಾಸ್ತರರು ಕನ್ನಡಕ ಬಿಚ್ಚಿಕೊಂಡರು.

“ಯಾಕ್ರಿ ಸಾಹೇಬ್ರ?”

“ಇದು ಫೋಟೊದ ಸಲುವಾಗಿ ಹಾಕಿದ್ದು ಯವ್ವಾ. ವಿತರಣೆ ಬ್ಯಾರೆ ಅದ. ಅಧ್ಯಕ್ಷರು ಬರಬೇಕು, ಬ್ಯಾನರ್ ಬರಬೇಕು.”

“ಅಧ್ಯಕ್ಷರು ಯಾವಾಗ ಬರ್ತಾರ?”

“ತಾರೀಖು ಕೊಡ್ತಾರ.”

ಸುದ್ದಿಯನ್ನು ಕಾರ್ಯಕ್ರಮಕ್ಕಿಂತ ಮೊದಲೇ ಬರೆದು ಕಳಿಸುವುದು ಕ್ಲಬ್ಬಿನ ರೂಢಿ. ತಾರೀಖು ಗೊತ್ತಾಗುವವರೆಗೆ ಆ ಜಾಗವನ್ನು ಖಾಲಿ ಬಿಡುತ್ತಾರೆ. ಅದರಂತೆ ಪಂಡರಿ ಮಾಸ್ತರರು ‘ದಿ. ........ ಚಂದಮ್ಮ ಅವರಿಗೆ ಕನ್ನಡಕ ವಿತರಣೆ’ ಎಂದು ಬರೆದು, ಫೋಟೊ ಸಮೇತ ಕಳಿಸಿದರು. ಪತ್ರಿಕೆಯವರಿಗೆ ಖಾಲಿ ಜಾಗ ಸೇರುವುದಿಲ್ಲ. ಅವರು ಅಕ್ಷರಗಳನ್ನು ಹತ್ತಿರ ಸರಿಸಿ ಅಚ್ಚು ಹಾಕಿದರು.

ಪತ್ರಿಕೆ ಹಿಡಿದುಕೊಂಡು ಮೊದಲು ಬಂದವನು ಮಚ್ಚೇಂದ್ರ. ಅಂಗಳದಲ್ಲಿ ಚಂದಮ್ಮ ರೊಟ್ಟಿ ಮುರಿಯುತ್ತ ಕೂತಿದ್ದನ್ನು ಕಂಡು ಅವನಿಗೆ ತುಸು ಮುಜುಗರವಾಯಿತು.

“ಯವ್ವಾ, ಪೇಪರಿನ್ಯಾಗ ನಿನ್ನ ದಿವಂಗತ ಮಾಡ್ಯಾರ.”

“ಹಾಂಗಂದ್ರ?”

“ತೀರಿಕೊಂಡಿ.”

“ಚಷ್ಮಾದ ಸುದ್ದಿ ಏನದ?”

“ಕೊಟ್ಟಾರಂತ ಬರದದ.”

“ಹಾಂಗಾದ್ರ ಹೋಗಿ ತರ್ತೀನಿ” ಎಂದು ಚಂದಮ್ಮ ಕೈ ತೊಳೆದುಕೊಂಡು ಎದ್ದಳು.

ಕ್ಲಬ್ಬಿನಲ್ಲಿ ತುರ್ತು ಸಭೆ ನಡೆದಿತ್ತು. ಅಧ್ಯಕ್ಷ ಸತೀಶಕುಮಾರರು ಅವಳನ್ನು ಆದರದಿಂದ ಬರಮಾಡಿಕೊಂಡರು.

“ನೀವು ಜೀವಂತ ಇದ್ದದ್ದು ನಮಗೂ ಸಂತೋಷದ ಸಂಗತಿ ಯವ್ವಾ. ಆದರ ಏಳನೇ ಕಲಮು ಅಡ್ಡ ಬರ್ತದ” ಎಂದು ಅವರು ಓದಿ ಹೇಳಿದರು: ‘ಪ್ರಕಟವಾದ ಸುದ್ದಿಗೆ ತಿದ್ದುಪಡಿ ಇರುವುದಿಲ್ಲ. ಸುದ್ದಿಗೂ ಸಂಗತಿಗೂ ವ್ಯತ್ಯಾಸ ಕಂಡುಬಂದಲ್ಲಿ ಸಂಗತಿಯನ್ನು ತಿದ್ದತಕ್ಕದ್ದು.’

“ಅದೆಲ್ಲ ನಿಮ್ಮದು ನೀವು ನೋಡ್ಕೋರಿ. ನನ್ನ ಚಷ್ಮಾ ಕೊಡ್ರಿ, ಆಡು ತೊಗರ್ಯಾಗ ಹೊಕ್ಕಾವು.”

“ಸತ್ತವರಿಗೆ ಕೊಡಾಕ ಬರೂದಿಲ್ಲ. ವಾರಸುದಾರರಿಗೆ ಕೊಡಬಹುದು. ನಿಮಗ ಯಾರು ಅದಾರ?”

“ಯಾರೂ ಇಲ್ರಿ. ನಾನೇ ಅದೀನಿ.”

ಪಂಡರಿ ಮಾಸ್ತರರು ನಿಯಮಾವಳಿಯ ಎಲ್ಲ ಪುಟ ತಿರುವಿ ನೋಡಿದರು. ತನಗೆ ತಾನೇ ವಾರಸುದಾರಳಾಗಬಾರದೆಂದು ಎಲ್ಲಿಯೂ ಬರೆದಿರಲಿಲ್ಲ. “ಅಡ್ಡಿ ಇಲ್ರಿ” ಎಂದರು. ಸಭೆ ನಿಟ್ಟುಸಿರು ಬಿಟ್ಟಿತು. ಅಂದೇ ಪ್ರಕಟಣೆ ಹೊರಟಿತು:

‘ದಿ. ಚಂದಮ್ಮ ಅವರ ಶ್ರದ್ಧಾಂಜಲಿ ಸಭೆ ಹಾಗೂ ವಾರಸುದಾರರಿಗೆ ಕನ್ನಡಕ ವಿತರಣಾ ಸಮಾರಂಭವನ್ನು ಬರುವ ರವಿವಾರ ಮಾಣಿಕನಗರದಲ್ಲಿ ಏರ್ಪಡಿಸಲಾಗಿದೆ. ಮೃತರು ಸಮಯಕ್ಕೆ ಸರಿಯಾಗಿ ಹಾಜರಿರಬೇಕಾಗಿ ವಿನಂತಿ.’

ಮೃತರು ಅರ್ಧ ತಾಸು ಮೊದಲೇ ಹಾಜರಿದ್ದರು. ಕನ್ನಡಕ ಹಾಕಿಕೊಂಡ ಅವಳ ಫೋಟೊಕ್ಕೆ ಚೆಂಡುಹೂವಿನ ಹಾರ ಬಿದ್ದಿತ್ತು. ಬಸವಕಲ್ಯಾಣದಿಂದ ಬಂದ ವಲಯಾಧಿಕಾರಿ ಧರ್ಮೇಂದ್ರ ಅವರು, ಫಲಾನುಭವಿಯನ್ನು ಸಾವಿನ ನಂತರವೂ ಕೈಬಿಡದ ಕ್ಲಬ್ ಇಡೀ ವಲಯದಲ್ಲಿ ಇದೊಂದೇ ಎಂದರು. ಅಧ್ಯಕ್ಷರು ಚಂದಮ್ಮನ ಸರಳತೆ, ಮೂಕಪ್ರಾಣಿಗಳ ಮೇಲಿದ್ದ ಅವಳ ಪ್ರೀತಿ ಕುರಿತು ಇಪ್ಪತ್ತು ನಿಮಿಷ ಮಾತಾಡಿದರು. ಚಂದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಯಾರೂ ಆಡಿರಲಿಲ್ಲ.

ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಿದರು. ಅವಳೂ ನಿಂತಳು. ತಡವಾಗಿ ಬಂದ ಒಬ್ಬಾಕೆ ಅವಳ ಕಿವಿಯಲ್ಲಿ, “ಯಾರು ತೀರಿದ್ರು?” ಎಂದು ಕೇಳಿದಳು.

“ನಾನೇ.”

“ಪಾಪ!” ಎಂದು ಆಕೆ ತಲೆಯ ಮೇಲೆ ಸೆರಗು ಹೊದ್ದುಕೊಂಡಳು.

ಬಳಿಕ ಚಂದಮ್ಮ ದಿ. ಚಂದಮ್ಮನ ಪರವಾಗಿ ಹೆಬ್ಬೆಟ್ಟು ಒತ್ತಿ ಕನ್ನಡಕ ಪಡೆದಳು. ಈ ಸಲ ಅದನ್ನು ಯಾರೂ ಬಿಚ್ಚಿಕೊಳ್ಳಲಿಲ್ಲ. ಮರುದಿನ ಆಡುಗಳು ತೊಗರಿಯತ್ತ ಮುಖ ಮಾಡಿ, ಹಿಂದಿರುಗಿ ಅವಳ ಮೋರೆ ನೋಡಿ, ಬಂದ ದಾರಿ ಹಿಡಿದವು.

ಸಂಜೆಗೆ ಸರ್ದಾರಬಿ ಬಂದು ಕೂತಳು. “ಅಲ್ಲ ಚಂದಮ್ಮಕ್ಕಾ, ನನ್ನ ಕಿವಿ ಮಶೀನಿಂದು ಅರ್ಜಿ ಕೊಟ್ಟು ವರ್ಷ ಆಗಾಕ ಬಂತು. ನಾ ಬದುಕಿದ್ದಕ್ಕss ತಡ ಆಗಾಕತ್ತದೇನು?”

“ನೀ ಏನss ಅನ್ನು, ಸತ್ತ ಮ್ಯಾಲ ಕೆಲಸ ಲಗೂನ ಆಗ್ತದ” ಎಂದು ಚಂದಮ್ಮ ಅವಳ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳಿದಳು.

ಈ ಮಾತು ನಿರ್ಣಾ ಊರಿನವರೆಗೆ ಹೋಯಿತು. ಮುಂದಿನ ಸೋಮವಾರ ಕ್ಲಬ್ಬಿನ ಬಾಗಿಲ ಮುಂದೆ ಗಾಲಿ ಕುರ್ಚಿ, ಊರುಗೋಲು, ಹೊಲಿಗೆ ಮಶೀನಿನವರೆಲ್ಲ ಸಾಲಾಗಿ ನಿಂತಿದ್ದರು. ಜನರ ಅನುಕೂಲ ಮನಗಂಡು ಪಂಡರಿ ಮಾಸ್ತರರು ಹೊಸ ಫಾರ್ಮು ಅಚ್ಚು ಹಾಕಿಸಿದ್ದರು. ಹೆಸರಿನ ಮುಂದೆ ‘ದಿ.’ ಅದರಲ್ಲಿಯೇ ಇತ್ತು. ಬರೆಯುವ ತ್ರಾಸು ಇರಲಿಲ್ಲ.

ಸರ್ದಾರಬಿ ತನ್ನ ಫಾರ್ಮನ್ನು ಚಂದಮ್ಮನ ಕೈಗಿಟ್ಟಳು. “ನಿನಗ ಈಗ ಕಾಣ್ತದಲ್ಲ, ಬರೋಬರ್ ಬಿದ್ದದೇನು ನೋಡು.”

ಚಂದಮ್ಮನಿಗೆ ಓದು ಬಾರದು. ಆದರೂ ಆ ಒಂದು ಅಕ್ಷರದ ಗುರುತು ಸಿಕ್ಕಿತ್ತು. ಅದರ ಮೇಲೆ ಬೆರಳಿಟ್ಟು ಹೇಳಿದಳು: “ಛಲೋ ದಪ್ಪಗ ಬಿದ್ದದ. ಇನ್ನ ನೀ ನಿಶ್ಚಿಂತಿ ಇರು.”